ತಪ್ಪು ಉತ್ತರ ನನ್ನೊಬ್ಬನದೇ

ಗೆಳೆಯರೇ, ಚನ್ನಗಿರಿಯ ವೈರಿಂಗ್ ತರಗತಿಯಿಂದ ಇವತ್ತು ನಾನು ಹೊರಬೀಳುವುದರಲ್ಲಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸದವನನ್ನು ಮೇಷ್ಟ್ರು ಒಂದು ವಾರ ನೋಡೋಣವೆಂದು ಸೇರಿಸಿಕೊಂಡಿದ್ದರು. ಆ ವಾರ ಇವತ್ತಿಗೆ ಮುಗಿಯಿತು.

ಬೋರ್ಡಿನ ಮೇಲೆ ಎರಡು ಕುಣಿಕೆಯ ಸರ್ಕ್ಯೂಟ್ ಇತ್ತು. ನಡುವಿನ ತಂತಿಯಲ್ಲಿ ಎಷ್ಟು ಕರೆಂಟು ಹರಿಯುತ್ತದೆಂದು ಹೇಳಬೇಕು. ಎಲ್ಲರೂ ಎರಡು ಆಂಪಿಯರ್ ಎಂದರು. ನನಗೆ ಮೂರು ಬಂದಿತ್ತು.

"ಪುಸ್ತಕದ ಕೊನೇಲಿ ಎರಡು ಅಂತ ಐತಲ್ಲೋ, ತಿದ್ಕೊ," ಎಂದು ಪಕ್ಕದ ಬಸವರಾಜ ತಿವಿದ.

"ನಂಗೆ ಬರದೇ ಇರೋದನ್ನ ಹೆಂಗೆ ಬರೀಲಿ?"

ಕುಣಿಕೆಗಳನ್ನು ಹಿಡಿದು ಮಾಡುವ ಮೆಶ್ ವಿಧಾನ ಬಿಟ್ಟು, ತಂತಿಗಳು ಕೂಡುವ ಜಾಗದಿಂದ ಹೊರಡುವ ನೋಡಲ್ ವಿಧಾನದಲ್ಲಿ ಮತ್ತೆ ಮಾಡಿದೆ. ಆಗಲೂ ಮೂರೇ ಬಂತು.

ಮೇಷ್ಟ್ರು ನಿಂತು ಪೂರ್ತಿ ಓದಿದರು. "ಎರಡೂ ದಾರಿ ಸರಿ ಅದಾವೆ ಕಣೋ. ಬೋರ್ಡಿನ ಮೇಲಿರೋ ರೆಸಿಸ್ಟೆನ್ಸು ಒಂಬತ್ತು ಓಮ್. ನೀನು ಆರು ಮಾಡ್ಕೊಂಡೀಯ."

ಹಿಂದಿನ ಬೆಂಚಿನಿಂದ ೯ ನನಗೆ ೬ ಆಗಿ ಕಂಡಿತ್ತು. ಎಲ್ಲರೂ ನಕ್ಕರು. ನಾನು ಚೀಲ ಎತ್ತಿಕೊಂಡೆ.

"ಎಲ್ಲಿಗೆ ಹೊಂಟೆ? ನಾಳೆಯಿಂದ ಮುಂದಿನ ಬೆಂಚಲ್ಲಿ ಕೂತ್ಕೊ. ಬಸವರಾಜ, ನೀನು ಬಾರಪ್ಪ, ಎರಡು ಹೆಂಗೆ ಬಂತು ಮಾಡಿ ತೋರ್ಸು."

ನಾನು ಒಂಬತ್ತು ಹಾಕಿಕೊಂಡು ಮೊದಲಿನಿಂದ ಮಾಡಿ ಎರಡಕ್ಕೆ ಬಂದು ತಲೆಯೆತ್ತಿದೆ. ಬಸವರಾಜ ಇನ್ನೂ ಸೀಮೆಸುಣ್ಣ ಹಿಡಿದು ನಿಂತೇ ಇದ್ದ. ಪಾಪ, ಉತ್ತರ ಅವನಿಗೆ ಮೊದಲೇ ಗೊತ್ತಿತ್ತು.