ವಿಶಾಖಪಟ್ಟಣದ ದನಿ, ವಿಜಯವಾಡದ ಕಿವಿ

ಬೆಳಗಿನ ಜಾವ ನಾಲ್ಕೂವರೆ. ಮಧುರವಾಡದ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ತಲೆಯ ಮೇಲಿಂದ ರಗ್ಗು ಹೊದ್ದುಕೊಂಡು ರಾಜ್ಯಶ್ರೀ ತೆಲುಗು ಪುಸ್ತಕ ಓದುತ್ತಿದ್ದಾರೆ. ರಗ್ಗಿನೊಳಗೆ ಒಂದು ಟಾರ್ಚು, ಒಂದು ಮೈಕು, ಸಾಲದ್ದಕ್ಕೆ ವಿಶಾಖಪಟ್ಟಣದ ಸೆಕೆ! ಹೆದ್ದಾರಿಯ ಲಾರಿಗಳು ಹಾರನ್ ಶುರು ಮಾಡುವ ಮೊದಲು ಒಂದು ಪಾಠ ಮುಗಿಯಬೇಕು. ಬಂದರಿನಲ್ಲಿ ನೌಕರರಾಗಿರುವ ಗಂಡ ಚಂದ್ರಕಾಂತ ಪಕ್ಕದ ಕೋಣೆಯಲ್ಲಿ ಕೆಮ್ಮಿದರೂ ಆ ಸಾಲು ಮತ್ತೆ ಮೊದಲಿಂದ. “ಪಾಪ, ನಮ್ಮೆಜಮಾನ್ರು ಕೆಮ್ಮು ಬಂದ್ರೆ ಬಾತ್‌ರೂಮಿಗೆ ಓಡ್ತಾರೆ ಕಣ್ರೀ” ಎಂದು ನಗುತ್ತಾರೆ.

ಈ ಪಾಡೆಲ್ಲ ವಿಜಯವಾಡದ ಹಾಸ್ಟೆಲೊಂದರಲ್ಲಿ ಇದ್ದುಕೊಂಡು ಬಿ.ಎ. ಓದುವ, ಕಣ್ಣು ಕಾಣದ ಹದಿನಾಲ್ಕು ಹುಡುಗಿಯರಿಗಾಗಿ. ಚಿಕ್ಕನಾಯಕನಹಳ್ಳಿಯಿಂದ ಸೊಸೆಯಾಗಿ ಬಂದಾಗ ರಾಜ್ಯಶ್ರೀಗೆ ತೆಲುಗಿನ ಗಂಧಗಾಳಿ ಇರಲಿಲ್ಲ. ಈಗ ಹಗಲು ಡಿಟಿಪಿ ಅಂಗಡಿಯಲ್ಲಿ ಅದೇ ತೆಲುಗನ್ನು ಟೈಪು ಮಾಡುತ್ತಾರೆ, ಬೆಳಗಿನ ಜಾವ ಓದಿ ರೆಕಾರ್ಡು ಮಾಡುತ್ತಾರೆ. ನಾಲ್ಕು ವರ್ಷಕ್ಕೆ ಮೂವತ್ತೊಂದು ಪುಸ್ತಕ, ಮುನ್ನೂರು ಚಿಲ್ಲರೆ ಗಂಟೆ.

ಓದುವುದಕ್ಕಿಂತ ಕಳಿಸುವುದೇ ದೊಡ್ಡ ತಲೆನೋವಾಗಿತ್ತು. ಅರ್ಧ ಗಂಟೆಯ ಪಾಠ ನೂರೈವತ್ತು ಎಂಬಿ ತೂಗುತ್ತದೆ. ಇ-ಮೇಲ್ ಇಪ್ಪತ್ತೈದರ ಮೇಲೆ ಒಪ್ಪುವುದಿಲ್ಲ. ಡಿವಿಡಿ ಮಾಡಿ ಬಸ್ಸಿನ ಡ್ರೈವರನ ಕೈಗೆ ಕೊಟ್ಟರೆ ಒಂದು ಗೀಚಿಹೋಯಿತು, ಇನ್ನೊಂದು ಬಿಸಿಲಿಗೆ ಸೊಟ್ಟಗಾಯಿತು. 2016ರಲ್ಲಿ ಅಂಗಡಿಯಲ್ಲೇ ಉಪಾಯ ಹೊಳೆಯಿತು. ಫೈಲನ್ನು ಒಂದು ವೆಬ್‌ಸೈಟಿಗೆ ಏರಿಸುವುದು, ಅದು ಕೊಡುವ ಲಿಂಕನ್ನಷ್ಟೇ ಮೆಸೇಜು ಮಾಡುವುದು. ಆ ಕಡೆಯವರು ಲಿಂಕ್ ಒತ್ತಿ ಇಳಿಸಿಕೊಂಡರಾಯಿತು.

ಎಡವಟ್ಟಾಗಿದ್ದೂ ಅಲ್ಲೇ. ಆ ಮಾರ್ಚಿನಲ್ಲಿ ಇತಿಹಾಸದ ಇಪ್ಪತ್ತೆರಡು ಪಾಠ ಏರಿಸಿ, ಲಿಂಕ್ ಕಳಿಸಿ, ಕಂಪ್ಯೂಟರ್ ತುಂಬಿತೆಂದು ತಮ್ಮ ಬಳಿಯಿದ್ದ ಮೂಲ ಫೈಲುಗಳನ್ನೆಲ್ಲ ಅಳಿಸಿಬಿಟ್ಟರು. “ಡಿವಿಡಿ ಬಸ್ಸು ಹತ್ತಿದ್ಮೇಲೂ ಹಾಗೇ ಮಾಡ್ತಿದ್ದೆ. ಲಿಂಕ್ ಹೋಯ್ತಲ್ಲ, ನನ್ನ ಕೆಲಸ ಮುಗೀತು ಅಂದ್ಕೊಂಡೆ.” ಹತ್ತು ದಿನದ ಮೇಲೆ, ಒಂದು ಗುರುವಾರ, ಹಾಸ್ಟೆಲಿನ ಹಿಮಬಿಂದು ಫೋನು ಮಾಡಿದಳು. “ಅಕ್ಕಾ, ಇಳಿಸ್ಕೊಳ್ಳೋಣ ಅಂತ ಇವತ್ತು ಒತ್ತಿದ್ರೆ, ಲಿಂಕಿಗೆ ಏಳೇ ದಿನ ಆಯುಸ್ಸಂತೆ. ಸತ್ತುಹೋಗಿದೆ. ಸೋಮವಾರ ಪರೀಕ್ಷೆ!” ಇತಿಹಾಸದಲ್ಲಿ ಆಗಲೇ ಒಮ್ಮೆ ಫೇಲಾಗಿದ್ದವಳು ಅವಳು. ಮತ್ತೆ ಫೇಲಾದರೆ ಹಾಸ್ಟೆಲ್ ಬಿಡಬೇಕು, ಓದೂ ನಿಂತಂತೆಯೇ.

“ನನ್ನ ಕೈಯಾರೆ ಅಳಿಸಿದ್ದೆನಲ್ಲ ಕಣ್ರೀ!” ಶುಕ್ರವಾರ ಮೂರು ಗಂಟೆಗೇ ಎದ್ದು ಮತ್ತೆ ಓದಲು ಕೂತರು. ಬೆಳಕು ಹರಿಯುವಷ್ಟರಲ್ಲಿ ಗಂಟಲು ಕಟ್ಟಿತು, ಮುಗಿದದ್ದು ಮೂರೇ ಪಾಠ. ಅಷ್ಟರಲ್ಲಿ ಹಿಮಬಿಂದುವಿನದೇ ಫೋನು. ಅದೇ ಹಾಸ್ಟೆಲಿನ ಅವಳ ಗೆಳತಿ ನಿಕಿತಾ ಮೊದಲ ದಿನವೇ ಕಾಲೇಜಿನ ಲ್ಯಾಬಿನಲ್ಲಿ ಎಲ್ಲವನ್ನೂ ಮೊಬೈಲಿನ ಮೆಮೊರಿ ಕಾರ್ಡಿಗೆ ಇಳಿಸಿಕೊಂಡಿದ್ದಳಂತೆ. ಆದರೆ ಓದುವ ರಜೆಗೆಂದು ಅನಕಾಪಲ್ಲಿಯ ಮನೆಗೆ ಹೋಗಿದ್ದಾಳೆ; ಅಲ್ಲಿಂದ ಕಳಿಸುವಷ್ಟು ನೆಟ್ ಇಲ್ಲ.

ರಾಜ್ಯಶ್ರೀ ಅಂಗಡಿಗೆ ರಜೆ ಹೇಳಿ, ಲ್ಯಾಪ್‌ಟಾಪ್ ಬಗಲಿಗೇರಿಸಿ ಅನಕಾಪಲ್ಲಿ ಬಸ್ಸು ಹತ್ತಿದರು. ಬಸ್‌ಸ್ಟ್ಯಾಂಡಿನಲ್ಲಿ ಬೆಲ್ಲದ ಮಂಡಿಯ ಹಮಾಲಿ ಅಪ್ಪನ ಕೈ ಹಿಡಿದು ಹುಡುಗಿ ಕಾಯುತ್ತಿದ್ದಳು. ಇವರು “ನಿಕಿತಾನೇನಮ್ಮಾ?” ಅಂದದ್ದಷ್ಟೇ. ಹೆಸರು ಹೇಳುವ ಮೊದಲೇ ಅವಳು ದನಿ ಬಂದತ್ತ ಕೈಚಾಚಿ “ಅಕ್ಕಾ!” ಅಂದಳು.

“ಎರಡು ವರ್ಷದಿಂದ ಓದ್ತಿದ್ದೆ, ಕೇಳೋರ ಮುಖ ನೋಡಿದ್ದು ಅವತ್ತೇ. ಬಸ್‌ಸ್ಟ್ಯಾಂಡು ಅಂತಾನೂ ನೋಡ್ದೆ ಅತ್ತುಬಿಟ್ಟೆ.”

ಕಾರ್ಡಿನಿಂದ ಲ್ಯಾಪ್‌ಟಾಪಿಗೆ ತುಂಬಿಕೊಂಡು ತಂದ ಫೈಲುಗಳು ಮಧ್ಯಾಹ್ನ ಅಂಗಡಿಯಿಂದ ಮತ್ತೆ ಏರಿದವು, ಈ ಸಲ ಗಡುವಿಲ್ಲದ ಕಡೆಗೆ. ಸಂಜೆ ಐದಕ್ಕೆ ಕಾಲೇಜಿನ ಲ್ಯಾಬಿನಿಂದ ಹಿಮಬಿಂದು: “ತೆರೀತು ಅಕ್ಕಾ, ನಿಮ್ಮ ದನಿ ಬರ್ತಿದೆ!” ಅಬ್ಬಾ! ಬೆಳಗಿನ ಜಾವದ ಓದಿಗೆ ಕಟ್ಟಿದ್ದ ಗಂಟಲಿಗೆ ರಾಜ್ಯಶ್ರೀ ಒಂದು ಚೊಂಬು ನೀರು ಸುರಿದುಕೊಂಡರು. ಅಂದಿನಿಂದ ಆ ಕಡೆಯಿಂದ “ತೆರೀತು” ಅನ್ನುವ ಮಾತು ಬರುವವರೆಗೆ ಅವರು ಯಾವ ಫೈಲನ್ನೂ ಅಳಿಸುವುದಿಲ್ಲ.

ಹಿಮಬಿಂದು ಪಾಸಾದಳು. ಈಗ 2018ರಲ್ಲಿ ವಿಜಯವಾಡದಲ್ಲೇ ಬಿ.ಇಡಿ. ಓದುತ್ತಿದ್ದಾಳೆ, ಇನ್ನೊಂದು ವರ್ಷಕ್ಕೆ ಟೀಚರಮ್ಮ. ನಿಮಗೇನಾದರೂ ಆಸೆ ಇದೆಯೇ ಎಂದರೆ ರಾಜ್ಯಶ್ರೀ ಸ್ವಲ್ಪ ನಾಚುತ್ತಾರೆ.

“ಅವಳ ಕ್ಲಾಸಲ್ಲಿ, ಹಿಂದಿನ ಬೆಂಚಲ್ಲಿ ಒಂದಿನ ಕೂತ್ಕೋಬೇಕು. ಇಷ್ಟು ದಿನ ನಾನು ಓದಿದೆ, ಅವಳು ಕೇಳಿದ್ಲು. ಇನ್ನು ಅವಳು ಪಾಠ ಹೇಳ್ಲಿ, ನಾನು ಕೇಳ್ತೀನಿ.”