ಬ್ರೇಕಣ್ಣನ ಭಾನುವಾರದ ಕ್ಲಾಸು

ನಮ್ಮ ಬ್ರೇಕಣ್ಣ ಹೋದ ಭಾನುವಾರ ಮಧ್ಯಾಹ್ನ ತೀರಿಕೊಂಡ. ಹೃದಯಾಘಾತ. ಅವನೂ ನಾನೂ ಒಂದೇ ಡ್ರೈವಿಂಗ್ ಶಾಲೆಗೆ ಒಟ್ಟಿಗೆ ಕೆಲಸಕ್ಕೆ ಸೇರಿದವರು, ಊಟದ ಡಬ್ಬಿ ಹಂಚಿಕೊಂಡು ಉಂಡವರು. ಅವನ ಬಗ್ಗೆ ಬರೆಯಲು ಕುಳಿತರೆ ಅಳುವಿಗಿಂತ ಮೊದಲು ನಗು ನುಗ್ಗುತ್ತದೆ. ತಪ್ಪು ನನ್ನದಲ್ಲ, ಅವನದು.

ಕಾರು ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಕಂಬ ಕಂಡರೆ ಕಂಬಕ್ಕೆ, ಗೋಡೆ ಕಂಡರೆ ಗೋಡೆಗೆ ಗುರಿಯಿಟ್ಟಾಗ ನಾವು ಅದನ್ನು ಒತ್ತಿ ಜೀವ ಉಳಿಸಿಕೊಳ್ಳುತ್ತೇವೆ. ಒತ್ತಿ ಒತ್ತಿ ಅವನ ಬಲಗಾಲಿಗೆ ಸ್ವಂತ ಬುದ್ಧಿ ಬಂದುಬಿಟ್ಟಿತ್ತು. ಸಿನಿಮಾದಲ್ಲಿ ನಾಯಕ ಕಾರು ಓಡಿಸಿದರೆ ಮುಂದಿನ ಸೀಟಿನವರ ಬೆನ್ನಿಗೆ ಒದೆ ಬೀಳುತ್ತಿತ್ತು. ಕ್ಷೌರದಂಗಡಿಯಲ್ಲಿ ಕತ್ತರಿ ಕಿವಿಯ ಹತ್ತಿರ ಬಂದರೂ ಅಷ್ಟೇ. ಮನೆಯಲ್ಲಿ ಅತ್ತೆ ಬಾಯಿ ತೆರೆದರೆ ಸಾಕು, ಮೇಜಿನಡಿ ಕಾಲು ತಾನಾಗಿ ಕೆಳಗಿಳಿಯುತ್ತಿತ್ತು.

"ಅಳಿಯಂದ್ರೇ, ನಾನು ಇನ್ನೂ ಶುರುನೇ ಮಾಡಿಲ್ಲ" ಎಂದು ಆಕೆ ಗದರುತ್ತಿದ್ದರು.

ಅವನ ಜೀವನದ ಗುರಿ ಒಂದು ಕುರ್ಚಿ. ನಮ್ಮ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಮುಖ್ಯ ತರಬೇತುದಾರರ ತಿರುಗುವ ಕುರ್ಚಿ ಇದೆ. ಉಳಿದವರಿಗೆಲ್ಲ ಬೆಂಚು. ಅದಕ್ಕಾಗಿ ಅವನು ಬೆಳಕು ಹರಿಯುವ ಮೊದಲೇ ಕಾರು ತೊಳೆಯುತ್ತಿದ್ದ, ಇಲ್ಲದ ಕ್ಲಾಸುಗಳನ್ನೂ ಕೇಳಿ ತೆಗೆದುಕೊಳ್ಳುತ್ತಿದ್ದ. ಮನೆಗೆ ಬಂದ ಮೇಲೂ ಫೋನು ಕಿವಿಯಿಂದ ಇಳಿಯುತ್ತಿರಲಿಲ್ಲ. ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಫೋನು: "ಕ್ಲಚ್ ಬಿಡಿ ಸಾರ್. ನಿಧಾನ. ಅಷ್ಟೊಂದು ನಿಧಾನ ಬೇಡ." ಎದುರಿಗೆ ಕುಳಿತ ಹೆಂಡತಿ ಸಾರು ಬಡಿಸಿದಳೋ ಸೋಪಿನ ನೀರು ಬಡಿಸಿದಳೋ ಅವನಿಗೆ ತಿಳಿಯುತ್ತಿರಲಿಲ್ಲ.

ಅವನ ಹೆಂಡತಿಯನ್ನು ನಾನು ಅತ್ತಿಗೆ ಅನ್ನುತ್ತೇನೆ. ಔಷಧಿ ಅಂಗಡಿಯಲ್ಲಿ ಕೆಲಸ. ಮಾತು ಕಡಿಮೆ, ಕಣ್ಣು ಚುರುಕು. ಒಂದು ದಿನ ಅವರು ನಮ್ಮ ಆಫೀಸಿಗೆ ಬಂದು, ಎಲ್ಲರಂತೆ ಫೀಸು ಕಟ್ಟಿ, ಭಾನುವಾರ ಬೆಳಗಿನ ಕ್ಲಾಸಿಗೆ ಸೇರಿದರು. "ಇದೇನೇ ಹೊಸ ಹುಚ್ಚು? ನಾನು ಸುಮ್ನೆ ಕಲಿಸಲ್ವಾ?" ಎಂದು ಬ್ರೇಕಣ್ಣ ಕೇಳಿದ.

"ಸ್ಟೂಡೆಂಟಿಗೆ ಹೀಗಾ ಮಾತಾಡೋದು? ಗೋಡೆ ಮೇಲೆ ನೋಡಿ" ಎಂದರು ಅತ್ತಿಗೆ.

ಗೋಡೆಯ ಮೇಲೆ ಶಾಲೆಯ ನಿಯಮಗಳಿದ್ದವು. ಕಲಿಯುವವರನ್ನು ಬಹುವಚನದಲ್ಲೇ ಮಾತಾಡಿಸಬೇಕು. ಕ್ಲಾಸಿನ ಹೊತ್ತಿನಲ್ಲಿ ತರಬೇತುದಾರರ ಫೋನು ಆಫೀಸಿನ ಪೆಟ್ಟಿಗೆಯಲ್ಲಿರಬೇಕು. ಬರೆಸಿದವನು ಅವನೇ. ಬ್ರೇಕಣ್ಣ ಫೋನನ್ನು ಪೆಟ್ಟಿಗೆಗೆ ಹಾಕಿ, "ಬನ್ನಿ ಮೇಡಂ" ಎಂದ.

ಅತ್ತಿಗೆಯ ತಂದೆ ಜೀವನವಿಡೀ ಲಾರಿ ಓಡಿಸಿದವರು. ಮಗಳಿಗೆ ಮಾತ್ರ ಆ ವಿದ್ಯೆಯ ಗಾಳಿಯೂ ಸೋಕಿದಂತಿರಲಿಲ್ಲ. ಹಾರ್ನ್ ಮಾಡಿ ಎಂದರೆ ವೈಪರ್ ಹಾಕುವರು. ಎಡಕ್ಕೆ ಎಂದರೆ ಕೈಬಳೆ ನೋಡಿಕೊಂಡು ಯೋಚಿಸುವರು. ಪರೀಕ್ಷೆಯಲ್ಲಿ ಫೇಲ್, ಮತ್ತೆ ಫೇಲ್, ಆಮೇಲೂ ಫೇಲ್. ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರು ದೂರದಿಂದ ಅವರನ್ನು ಕಂಡರೆ ಸೀಟ್ ಬೆಲ್ಟನ್ನು ಎಳೆದೆಳೆದು ನೋಡುತ್ತಿದ್ದರು.

ಹೀಗಿರುವಾಗ ಹಳೆಯ ಮುಖ್ಯ ತರಬೇತುದಾರರು ನಿವೃತ್ತರಾಗುವ ಸುದ್ದಿ ಬಂತು. ಶಾಲೆಯ ಒಡತಿ ನಮ್ಮನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂರಿಸಿ ಹೇಳಿದರು: "ಈ ಸಲದ ಪರೀಕ್ಷೇಲಿ ಯಾರ ಸ್ಟೂಡೆಂಟ್ಸ್ ಒಬ್ರೂ ಫೇಲಾಗಲ್ವೋ, ಕುರ್ಚಿ ಅವರದು."

ಎಲ್ಲರೂ ಬ್ರೇಕಣ್ಣನ ಕಡೆ ನೋಡಿದೆವು. ಅವನ ಕೈಲಿ ಕಲಿತವರು ಫೇಲಾಗುವುದೆಂದರೆ ಬೆಕ್ಕು ಹಾಲು ಒಲ್ಲೆ ಅಂದಂತೆ, ಒಬ್ಬರನ್ನು ಬಿಟ್ಟು. ಆ ಒಬ್ಬರ ಹೆಸರೂ ಈ ಸಲದ ಪಟ್ಟಿಯಲ್ಲಿತ್ತು.

ಅವತ್ತಿನಿಂದ ಅವನು ಹಗಲಿರುಳೆನ್ನದೆ ದುಡಿದ. ದಣಿವು ಎಷ್ಟಿತ್ತೆಂದರೆ, ಮುಂದಿನ ಭಾನುವಾರ ಅತ್ತಿಗೆಯ ಕ್ಲಾಸಿನಲ್ಲೇ ನಿದ್ದೆ ಹೋದ. ಆ ಹೊತ್ತಿಗೆ ನಾನು ಶಾಲೆಯ ಅಂಗಳದಲ್ಲಿ ನಿಂತಿದ್ದೆ. ಸಂತೆಯಷ್ಟು ಜನ ತುಂಬಿದ್ದ ಮಾರ್ಕೆಟ್ ಬೀದಿಯಿಂದ ಕಾರು ನೀರಿನಂತೆ ಹರಿದು ಬಂತು. ಅಂಗಳದಲ್ಲಿ ಎರಡು ಲಾರಿಗಳು ನಿಂತಿದ್ದವು. ಅವುಗಳ ನಡುವೆ ಅತ್ತಿಗೆ ಕಾರನ್ನು ಹಿಮ್ಮುಖವಾಗಿ, ಒಂದೇ ಸಲಕ್ಕೆ, ಒರೆಯೊಳಗೆ ಕತ್ತಿ ಇಳಿಸಿದಂತೆ ಇಳಿಸಿದರು. ನನ್ನ ಬಾಯಿ ತೆರೆದುಕೊಂಡಿತು. ಅವರು ತುಟಿಯ ಮೇಲೆ ಬೆರಳಿಟ್ಟು, ಗಂಡನ ಕಡೆ ಕಣ್ಣು ತೋರಿಸಿದರು.

ಸ್ವಲ್ಪ ಹೊತ್ತಿಗೆ ಅವನು ಎಚ್ಚರಗೊಂಡ. ಆ ಕನ್ನಡಿ ನೋಡಿದ, ಈ ಕನ್ನಡಿ ನೋಡಿದ. ಎರಡೂ ಕಡೆ ಗೇಣು ಜಾಗ.

"ಯಾರು ನಿಲ್ಲಿಸಿದ್ದು?"

"ನಾನೇ. ಅಕಸ್ಮಾತ್ತಾಗಿ."

"ಅಕಸ್ಮಾತ್ತಾಗಿ ಲಾರಿಗೆ ಗುದ್ದಬಹುದು. ಹೀಗೆ ನಿಲ್ಲಿಸೋಕಾಗಲ್ಲ."

ಬಾಗಿಲು ತೆರೆಯಲು ಜಾಗವಿಲ್ಲದ್ದರಿಂದ ಇಬ್ಬರೂ ಒಳಗೇ ಕುಳಿತಿದ್ದರು. ಕಾರನ್ನು ಮುಂದಕ್ಕೆ ತೆಗೆಯಬಹುದಿತ್ತು. ಅಷ್ಟು ಕಲಿತವರಿಗೂ ಅಷ್ಟು ಕಲಿಸಿದವನಿಗೂ ಅದು ಹೊಳೆಯಲಿಲ್ಲ.

"ಮದುವೆಗೆ ಮುಂಚೆ ಅಪ್ಪನ ಲಾರಿನೇ ಓಡಿಸ್ತಿದ್ದೆ" ಎಂದರು ಅತ್ತಿಗೆ. "ಮನೇಲಿ ನೀವು ನನ್ನ ಮುಖ ನೋಡಲ್ಲ. ಇಲ್ಲಿ ನೋಡ್ಲೇಬೇಕು. ಪಾಸಾದ್ರೆ ಕ್ಲಾಸ್ ಮುಗಿದುಹೋಗುತ್ತಲ್ಲ, ಅದಕ್ಕೆ."

ಅವನ ಕಾಲು ಬ್ರೇಕನ್ನು ಒತ್ತಿಕೊಂಡೇ ಇತ್ತಂತೆ, ನಿಂತ ಕಾರಿನಲ್ಲಿ.

"ಯೋಚನೆ ಮಾಡಬೇಡಿ, ಈ ಸಲ ಪಾಸಾಗ್ತೀನಿ. ಕುರ್ಚಿ ನಿಮಗೇ ಬರಲಿ" ಎಂದು ಅತ್ತಿಗೆಯೇ ಸಮಾಧಾನ ಹೇಳಿದರು.

ಪರೀಕ್ಷೆಯ ದಿನ ಅತ್ತಿಗೆ ಹಾರ್ನ್ ಎಂದರೆ ಹಾರ್ನ್, ಎಡ ಎಂದರೆ ಎಡ. ಇನ್ಸ್‌ಪೆಕ್ಟರು ಬೆಲ್ಟ್ ಹಿಡಿದಿದ್ದ ಕೈ ಸಡಿಲಿಸಿ ಆಕಳಿಸಿದರು. ಕೊನೆಗೆ ಉಳಿದದ್ದು ಹಿಮ್ಮುಖವಾಗಿ ಬಂದು ಎರಡು ಪ್ಲಾಸ್ಟಿಕ್ ಕೋನುಗಳ ನಡುವೆ ನಿಲ್ಲುವುದು. ಕೋನಿನ ಪಕ್ಕದಲ್ಲಿ ಬ್ರೇಕಣ್ಣ, ಅವನ ಪಕ್ಕದಲ್ಲಿ ನಾನು. ಕಾರು ನೇರವಾಗಿ, ಅಳತೆ ತೆಗೆದಂತೆ ಬಂತು. ಆಗ ಅವನ ಬಲಗಾಲು ಚಾಚಿತು. ಕೋನು ಉರುಳಿತು.

"ಕೋನ್ ಬಿತ್ತು. ಫೇಲ್" ಎಂದರು ಇನ್ಸ್‌ಪೆಕ್ಟರು, ಹಳೆಯ ನೆಮ್ಮದಿಯಿಂದ.

ನಾನು ಅವನನ್ನು ಗೋಡೆಯ ಮರೆಗೆ ಎಳೆದುಕೊಂಡು ಹೋದೆ. "ಲೋ, ನಿನ್ನ ಕಾಲಿಗೆ ಹುಚ್ಚಾ?"

"ಈ ಸಲ ಕಾಲಲ್ಲ ಕಣೋ, ನಾನೇ."

"ಇನ್ಮೇಲೆ ಮನೇಲಿ ಫೋನ್ ಮುಟ್ಟಲ್ಲ ಅಂತ ಅವರಿಗೆ ಮಾತು ಕೊಟ್ಟಿದ್ರೆ ಆಗ್ತಿತ್ತಲ್ಲೋ!"

"ನನ್ನ ಮಾತಿನ ಮೇಲೆ ನಂಗೇ ನಂಬಿಕೆ ಇಲ್ಲ. ಕ್ಲಾಸ್ ಆದ್ರೆ ಯಾವತ್ತೂ ತಪ್ಪಿಸಿದವನಲ್ಲ."

ಕುರ್ಚಿ ನನಗೆ ಬಂತು. ಆ ಸಲ ನನ್ನ ಹತ್ತಿರ ಕಲಿತವರೇ ಇಬ್ಬರು. ಇಬ್ಬರೂ ಹೇಗೋ ದಡ ಸೇರಿದ್ದರು. ಕುರ್ಚಿ ಕಿರುಗುಟ್ಟುತ್ತಿತ್ತು. ಬ್ರೇಕಣ್ಣ ಬೆಂಚಿನಿಂದಲೇ, "ಎಣ್ಣೆ ಹಾಕ್ಸೋ ಮುಖ್ಯಸ್ಥ" ಎಂದು ರೇಗಿಸುತ್ತಿದ್ದ. ಅವನಿಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು. ನಾನಿಲ್ಲದಾಗ ಆ ಕುರ್ಚಿಯಲ್ಲಿ ಕುಳಿತು ಒಂದು ಸುತ್ತು ಹಾಕುತ್ತಿದ್ದನಂತೆ, ಆಫೀಸು ಗುಡಿಸುವವಳು ಹೇಳಿದಳು. ಆದರೆ ಭಾನುವಾರ ಬಂದರೆ ಫೋನು ಪೆಟ್ಟಿಗೆಗೆ, ಅವನು ಕಾರಿಗೆ. ಅತ್ತಿಗೆ ಪರೀಕ್ಷೆಗೆ ಹೋಗುವುದನ್ನೇ ಬಿಟ್ಟರು. ಕಲಿಕಾ ಲೈಸೆನ್ಸನ್ನು ಮಾತ್ರ ಹೊಸದು ಮಾಡಿಸುತ್ತ ಬಂದರು. ವರ್ಷಗಟ್ಟಲೆ ಹೀಗೇ ನಡೆಯಿತು. ಊರೆಲ್ಲ ಸುತ್ತಿ, ಜಗಳವನ್ನೂ ಕಾರಿನಲ್ಲೇ ಮುಗಿಸಿ, ನಗುತ್ತ ಮರಳುತ್ತಿದ್ದರು.

ಹೋದ ಭಾನುವಾರ ಕಾರು ಹತ್ತಿದ ಕೂಡಲೇ ಅವನಿಗೆ ಎದೆ ಹಿಡಿದುಕೊಂಡಿತು. ಅತ್ತಿಗೆ ಕೂಗಿದರು, ನಾನು ಓಡಿಹೋಗಿ ಹಿಂದಿನ ಸೀಟಿಗೆ ಬಿದ್ದೆ. ಕಲಿಯುವವರೆಂಬ ಕೆಂಪು ಬೋರ್ಡು ಹೊತ್ತ ಆ ಕಾರನ್ನು ಅತ್ತಿಗೆ ಅಪ್ಪನ ಲಾರಿಯಂತೆ ಓಡಿಸಿದರು. ಬಸ್ಸುಗಳು ದಾರಿ ಬಿಟ್ಟವು. ನನ್ನ ಎರಡೂ ಕಾಲುಗಳು ಇಲ್ಲದ ಬ್ರೇಕನ್ನು ಒತ್ತುತ್ತಿದ್ದವು. ಅವನ ಕಾಲು ಅಲುಗಲಿಲ್ಲ. ಅವನು ಬೀದಿ ನೋಡದೆ ಅವರ ಮುಖವನ್ನೇ ನೋಡುತ್ತಿದ್ದ.

ಆಸ್ಪತ್ರೆಯ ಬಾಗಿಲಲ್ಲಿ ಎರಡು ಆಂಬುಲೆನ್ಸ್‌ಗಳ ನಡುವೆ ಒಂದಿಷ್ಟೇ ಜಾಗವಿತ್ತು. ಅತ್ತಿಗೆ ಒಂದೇ ಸಲಕ್ಕೆ ಕಾರನ್ನು ಒಳಗಿಳಿಸಿದರು, ಈ ಬಾರಿ ಬಾಗಿಲು ತೆರೆಯಲು ಜಾಗ ಬಿಟ್ಟು. ಬ್ರೇಕಣ್ಣ ಆ ಕನ್ನಡಿ ನೋಡಿದ, ಈ ಕನ್ನಡಿ ನೋಡಿದ.

"ಇಂಡಿಕೇಟರ್ ಹಾಕಲಿಲ್ಲ ನೀವು" ಎಂದ. "ಫೇಲ್. ಮುಂದಿನ ಭಾನುವಾರ ಮತ್ತೆ ಬನ್ನಿ, ಮೇಡಂ."