ಯುಗಾದಿ ಯಾರ ಮನೆಯಲ್ಲಿ?

“ಈ ಕೂಸು ಯಾರ್ದವ್ವಾ?” ಎಂದು ಆ ಹೆಂಗಸು ಕೇಳಿದಾಗ ನಾನೂ ನನ್ನ ಗಂಡನೂ ಒಟ್ಟಿಗೇ “ನಂದು” ಎಂದೆವು.

ತೊಂಬತ್ತರ ದಶಕದ ಮಾತು. ಬಾಲವಾಡಿಗೆ ಹೋಗುವ ಮಗಳು ಯಾರ ಬಳಿ ಇರಬೇಕೆಂಬ ರಾಜಿ ಪತ್ರವನ್ನು ವಕೀಲರು ಪಾಂಡವಪುರದ ಕೋರ್ಟಿನ ಜಗಲಿಯಲ್ಲಿ ಬರೆಸುತ್ತಿದ್ದರು. ವಾರವೆಲ್ಲ ನನ್ನ ಹತ್ತಿರ, ಭಾನುವಾರ ಬೆಳಗೊಳದಲ್ಲಿ ಅಪ್ಪನ ಹತ್ತಿರ ಎನ್ನುವವರೆಗೂ ಒಪ್ಪಿದ್ದೆವು. ಜಗಳ ಹತ್ತಿದ್ದು ಯುಗಾದಿಗೆ. ಹಬ್ಬದ ಒಬ್ಬಟ್ಟನ್ನು ಅವಳು ನಮ್ಮನೆಯಲ್ಲೇ ತಿನ್ನಬೇಕು ಎಂದು ಮಧ್ಯಾಹ್ನದವರೆಗೂ ಕೂಗಾಡಿದ್ದೆ.

ತನ್ನ ಯಾವುದೋ ಕೇಸಿಗೆ ಬಂದಿದ್ದ ಆ ಹೆಂಗಸು ಬುತ್ತಿ ಬಿಚ್ಚಿ ನನ್ನ ಮಗಳಿಗೆ ತುತ್ತು ಕೊಡುತ್ತಿದ್ದರು. “ಇಬ್ರೂವೆ ನಂದು ನಂದು ಅಂತೀರಲ್ಲ, ಬೆಳಗ್ಗಿಂದ ಏನೂವೆ ತಿಂದಿಲ್ವಂತೆ ಕಣವ್ವಾ” ಎಂದರು.

ಬೆಳಗೊಳದಿಂದ ಅಪ್ಪನ ಜೊತೆ ಬಂದವಳು ತಿಂದೇ ಬಂದಿರುತ್ತಾಳೆ ಎಂದುಕೊಂಡಿದ್ದೆ ನಾನು. ಅವಳಮ್ಮ ಏನಾದರೂ ತಂದಿರುತ್ತಾಳೆ ಎಂದುಕೊಂಡಿದ್ದರು ನನ್ನ ಗಂಡ. ಮಗಳು ನಮ್ಮಿಬ್ಬರ ಕಡೆಗೂ ತಿರುಗದೆ ಮುಂದಿನ ತುತ್ತಿಗೆ ಬಾಯಿ ತೆರೆದಳು.

ಯುಗಾದಿ ಅವಳಪ್ಪನ ಮನೆಯಲ್ಲೇ ಆಗಲಿ ಎಂದು ಸಹಿ ಹಾಕಿ ಬಂದೆ. ಇವತ್ತಿಗೂ ದಾರಿಯಲ್ಲಿ ಯಾರಾದರೂ “ಊಟ ಆಯ್ತಾ?” ಎಂದರೆ ನನ್ನ ತಲೆ ತಗ್ಗುತ್ತದೆ.